ಎಮ್ಮೆ ಕೂಡ ದಡಕ್ಕೆ ಬಂದೇ ಈಯುತ್ತೆ, ಅಂದಿದ್ದೆ

ಗೋವಾದ ವಾಸ್ಕೋದಲ್ಲಿ ಕನ್ನಡ ಹೆಣ್ಣುಮಕ್ಕಳ ಕೂಟದಲ್ಲಿ ಆಡಿದ ಮಾತು. ರೆಕಾರ್ಡಿಂಗ್ ಕೇಳಿ ಬರೆದಿಳಿಸಿದ್ದು.

ಮೂರು ವರ್ಷದ ಹಿಂದೆ ಪುಣೆಯಿಂದ ನನ್ನ ಮಗಳು ಫೋನ್ ಮಾಡಿದಳು. ಆಗ ಅವಳಿಗೆ ಐದು ತಿಂಗಳು. ಅದೂ ಇದೂ ಮಾತಾಡಿ ಕೊನೆಗೆ, "ಅವ್ವಾ, ನಾನು ನೀರಾಗ ಹಡೀಬೇಕು ಅಂತ ಮಾಡೀನಿ" ಅಂದಳು. ನಾನು 27 ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದ ನರ್ಸ್. ನನಗೆ ಗೊತ್ತಿಲ್ಲದ ಹೆರಿಗೆ ಯಾವುದು ಅನ್ನೋ ಸೊಕ್ಕು ಬೇರೆ ಇತ್ತು. ಬಾಯಿಗೆ ಬಂದಿದ್ದು ಇಷ್ಟೇ: "ಎಮ್ಮಿ ಸುದ್ದಾ ಈಯೋ ಹೊತ್ತಿಗೆ ಕೆರಿಯಿಂದ ಎದ್ದು ದಂಡಿಗೆ ಬರತೈತಿ, ನಿನಗೇನಾಗೇತಿ?" ಅವಳು ಫೋನ್ ಇಟ್ಟುಬಿಟ್ಟಳು. ಎರಡು ದಿನ ಮಾತಿಲ್ಲ.

ಆ ಎರಡು ದಿನದಲ್ಲಿ ನಾನು ಓದೋಕೆ ಶುರು ಮಾಡಿದೆ. ಬೈಯೋದಕ್ಕಾದರೂ ವಿಷಯ ಗೊತ್ತಿರಬೇಕಲ್ವಾ. ಓದುತ್ತಾ ಹೋದ ಹಾಗೆ ಬೈಗುಳ ಕಡಿಮೆಯಾಯಿತು, ಪ್ರಶ್ನೆ ಜಾಸ್ತಿಯಾದವು. ಇವತ್ತು ನಿಮ್ಮ ಮುಂದೆ ಹೇಳೋದು ಹಾಗೆ ಕಲಿತದ್ದನ್ನೇ. ಉತ್ತರ ಗೋವಾದ ಕಡೆ ವಿದೇಶಿ ಹೆಂಗಸರು ತೊಟ್ಟಿಯಲ್ಲಿ ಕೂತು ಹೆರ್ತಾರಂತೆ ಅಂತ ನಾವು ನರ್ಸುಗಳು ಚಹಾ ಕುಡಿಯುವಾಗ ಹೇಳಿಕೊಂಡು ನಗ್ತಿದ್ದೆವು. ನಕ್ಕಿದ್ದೇ ಬಂತು, ಯಾಕೆ ಹಾಗೆ ಮಾಡ್ತಾರೆ ಅಂತ ಒಬ್ಬರೂ ಕೇಳಲಿಲ್ಲ.

ಮೊದಲು ಒಂದು ಗೊಂದಲ ಬಿಡಿಸೋಣ. ನೀರಿನ ಹೆರಿಗೆ ಅನ್ನುವ ಒಂದೇ ಹೆಸರಿನಲ್ಲಿ ಎರಡು ಬೇರೆ ಸಂಗತಿ ಇವೆ. ಬೇನೆ ತಿನ್ನುವ ಹೊತ್ತನ್ನು ಬೆಚ್ಚಗಿನ ನೀರಿನಲ್ಲಿ ಕಳೆಯೋದು ಒಂದು. ಮಗು ನೀರಿನೊಳಗೇ ಹುಟ್ಟೋದು ಇನ್ನೊಂದು. ಎಷ್ಟೋ ಹೆಂಗಸರು ಬೇನೆಯಷ್ಟನ್ನೇ ನೀರಿನಲ್ಲಿ ಕಳೆದು, ಮಗು ಬರುವ ಹೊತ್ತಿಗೆ ಎದ್ದು ಹೊರಗೆ ಬರ್ತಾರೆ. ವೈದ್ಯರ ಜಗಳ ಇರೋದು ಎರಡನೆಯದರ ಬಗ್ಗೆ. ಮೊದಲನೆಯದಕ್ಕೆ ಅಷ್ಟು ತಕರಾರಿಲ್ಲ.

ತೊಟ್ಟಿ ಅಂದರೆ ಮನೆಯ ಬಾತ್‌ಟಬ್ ಅಲ್ಲ. ಅದಕ್ಕಿಂತ ಆಳ, ಅಗಲ. ಕೂತರೆ ನೀರು ಎದೆಮಟ್ಟ ಬರಬೇಕು. ಮಂಡಿಯೂರಬೇಕು, ಹೊರಳಬೇಕು, ಅಂಚಿಗೆ ತಲೆಯಿಟ್ಟು ಒರಗಬೇಕು, ಅಷ್ಟು ಜಾಗ. ನೀರು ಮೈಯ ಬಿಸಿಯಷ್ಟೇ ಇರಬೇಕು. 37.5 ಡಿಗ್ರಿ ದಾಟಬಾರದು ಅಂತ ಇಂಗ್ಲೆಂಡಿನ ಮಾರ್ಗಸೂಚಿ ಹೇಳುತ್ತೆ, ಗಂಟೆಗೊಮ್ಮೆ ಅಳೆಯಬೇಕು. ತಾಯಿಯ ಮೈ ಕಾದರೆ ಹೊಟ್ಟೆಯೊಳಗಿನ ಮಗುವಿನ ಎದೆಬಡಿತ ಓಡೋಕೆ ಶುರುವಾಗುತ್ತೆ, ಅದಕ್ಕೆ. ನಮ್ಮ ಅಜ್ಜಿಯರು ಬಾಣಂತಿಗೆ ಹಾಕುವ ಹಬೆಯಾಡುವ ಹಂಡೆ ನೀರು ಇಲ್ಲಿ ನಡೆಯಲ್ಲ.

ನೀರು ಏನು ಮಾಡುತ್ತೆ? ಬಿಸಿಗೆ ಸ್ನಾಯು ಸಡಿಲಾಗುತ್ತೆ, ಅದು ಎಲ್ಲರಿಗೂ ಗೊತ್ತು. ನೀರು ಮೈಯನ್ನು ಎತ್ತಿಕೊಳ್ಳುತ್ತೆ, ಅದು ಎರಡನೆಯದು. ಒಂಬತ್ತು ತಿಂಗಳ ಹೊಟ್ಟೆ ಹೊತ್ತವಳಿಗೆ ಮಂಚದ ಮೇಲೆ ಮಗ್ಗುಲು ಬದಲಿಸೋದೇ ಒಂದು ಯುದ್ಧ. ನೀರಿನಲ್ಲಿ ಸಲೀಸಾಗಿ ತಿರುಗ್ತಾಳೆ. ಮೂರನೆಯದು ನನಗೆ ಬಹಳ ಮುಖ್ಯ ಅನಿಸಿದ್ದು. ತೊಟ್ಟಿಯೊಳಗೆ ಕೂತವಳನ್ನು ಯಾರೂ ಸುಮ್ಮಸುಮ್ನೆ ಮುಟ್ಟೋಕೆ ಆಗಲ್ಲ. ಅದು ಅವಳ ಜಾಗ. ಹೆದರಿದರೆ ಮೈಯಲ್ಲಿ ಅಡ್ರಿನಲಿನ್ ಏರುತ್ತೆ, ಅದು ಏರಿದರೆ ಬೇನೆ ತರಿಸುವ ಆಕ್ಸಿಟೋಸಿನ್ ಹಿಂದೆ ಸರಿಯುತ್ತೆ, ಬೇನೆ ನಿಂತುಹೋಗುತ್ತೆ ಇಲ್ಲವೇ ಬರೀ ನೋವಾಗಿ ಉಳಿಯುತ್ತೆ. ಹಳ್ಳಿಯಲ್ಲಿ ದನ ಸಾಕಿದವರನ್ನು ಕೇಳಿ. ಗಬ್ಬದ ಆಕಳ ಸುತ್ತ ಜನ ನಿಂತರೆ ಅದು ತಡೆಯುತ್ತೆ. ಎಲ್ಲರೂ ಮಲಗಿದ ಮೇಲೆ ಯಾವಾಗಲೋ ಕರು ಹಾಕಿರುತ್ತೆ. ಎಮ್ಮೆ ಮಾತು ಎತ್ತಿದ್ದು ನಾನೇ, ಈಗ ಆಕಳು ಬಂದು ನನ್ನ ಮೇಲೇ ಸೇಡು ತೀರಿಸಿಕೊಳ್ಳುತ್ತಿದೆ.

ಇಲ್ಲಿ ಒಂದು ಘಟನೆ ಹೇಳಬೇಕು. ಹೇಳೋಕೆ ಇಷ್ಟವಿಲ್ಲ, ಆದರೂ ಹೇಳ್ತೀನಿ. ನಾನು ಕೆಲಸಕ್ಕೆ ಸೇರಿ ನಾಲ್ಕೈದು ವರ್ಷ ಆಗಿತ್ತು. ಯಾವ ಆಸ್ಪತ್ರೆ ಅಂತ ಬೇಡ. ರೋಣದ ಕಡೆಯ ಒಬ್ಬ ಹುಡುಗಿ ಬಂದಳು, ಗಂಡ ಗೌಂಡಿ, ಇಲ್ಲೇ ಬಿರ್ಲಾ ಅನ್ನೋ ಕಡೆ ಮನೆ. ಚೊಚ್ಚಲು. ತವರಿಗೆ ಹೋಗೋಕೆ ಟಿಕೆಟ್ ತೆಗೆಸಿದ್ದರಂತೆ, ಅದಕ್ಕೂ ಮೊದಲೇ ಬೇನೆ ಬಂತು. ವಾರ್ಡಿನ ತುಂಬ ಕೊಂಕಣಿ. ಅವಳಿಗೆ ಒಂದು ಅಕ್ಷರ ಗೊತ್ತಿಲ್ಲ. ತಾಯಿ ಇಲ್ಲ, ಗಂಡನನ್ನು ಗೇಟಿನಾಚೆ ನಿಲ್ಲಿಸಿದ್ದರು. ಅವಳು ಘಳಿಗೆಗೊಮ್ಮೆ ಎದ್ದು ಬಚ್ಚಲಿಗೆ ಹೋಗ್ತಿದ್ದಳು. ಎಷ್ಟು ಹೊತ್ತಾದರೂ ಬರಲ್ಲ. ಹೋಗಿ ನೋಡಿದರೆ ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಚೊಂಬಿನಿಂದ ನಡುವಿನ ಮೇಲೆ ಬಿಸಿನೀರು ಹೊಯ್ದುಕೊಳ್ತಿದ್ದಾಳೆ. "ಹಡಿಯೂದು ಇಲ್ಲೇನು? ಏಳು, ಮಂಚಕ್ಕ ನಡಿ" ಅಂತ ರಟ್ಟೆ ಹಿಡಿದು ಎಬ್ಬಿಸಿದೆ. ಅವಳು ಬೈಯಲಿಲ್ಲ, ಅಳಲಿಲ್ಲ. "ಅಕ್ಕಾರ, ನೀರು ಹಾಕ್ಕೊಂಡ್ರ ಹಗೂರ ಆಕ್ಕೈತ್ರಿ" ಅಂದಳು, ಅಷ್ಟೇ. ನಾನು ಮಂಚದ ಮೇಲೆ ಮಲಗಿಸಿದೆ. ಆಮೇಲೆ ಕಿರುಚಿದಳು. ಕಿರುಚಿದ್ದಕ್ಕೂ ಬೈದೆ.

ಇಪ್ಪತ್ತು ವರ್ಷ ಆದ ಮೇಲೆ, ಮಗಳ ದೆಸೆಯಿಂದ ಓದುತ್ತಾ ಕೂತಾಗ ಗೊತ್ತಾಯಿತು, ಆ ಹುಡುಗಿ ಮಾಡ್ತಿದ್ದದ್ದಕ್ಕೆ ಹೈಡ್ರೋಥೆರಪಿ ಅಂತ ದೊಡ್ಡ ಹೆಸರಿದೆ. ಕುಕ್ಕರಗಾಲಲ್ಲಿ ಕೂರೋದು, ನಡುವಿಗೆ ಬಿಸಿನೀರು, ಒಬ್ಬಳೇ ಮರೆಯಲ್ಲಿ ಇರೋದು, ಮೂರನ್ನೂ ಅವಳೇ ಕಂಡುಕೊಂಡಿದ್ದಳು. ಕೆಡಿಸಿದ್ದು ನಾನು.

ಸರಿ, ಮುಂದಕ್ಕೆ ಹೋಗೋಣ. ಎಲ್ಲರ ಮನಸ್ಸಿನಲ್ಲೂ ಇರುವ ಪ್ರಶ್ನೆ: ಮಗು ನೀರು ಕುಡಿದು ಉಸಿರುಕಟ್ಟಲ್ವಾ? ನಾನೂ ಮೊದಲು ಕೇಳಿದ್ದು ಇದನ್ನೇ. ಮಗು ಒಂಬತ್ತು ತಿಂಗಳು ನೀರಿನಲ್ಲೇ ಇತ್ತು, ಅದರ ಉಸಿರು ಹೊಕ್ಕುಳಬಳ್ಳಿಯಿಂದ ಬರ್ತಿತ್ತು. ಹೊರಗೆ ಬಂದ ಕ್ಷಣಕ್ಕೇ ಬಳ್ಳಿ ಕೆಲಸ ನಿಲ್ಲಿಸಲ್ಲ. ಮುಖಕ್ಕೆ ತಣ್ಣನೆ ಗಾಳಿ ತಾಗಿದಾಗ, ಮೈಗೆ ಚಳಿ ಆದಾಗ ಮೊದಲ ಉಸಿರು ಎಳೆದುಕೊಳ್ಳುತ್ತೆ. ಮೈಬಿಸಿಯ ನೀರಿನಿಂದ ನೀರಿಗೆ ಬಂದಾಗ ಆ ಸೂಚನೆ ಸಿಕ್ಕಿರಲ್ಲ. ಅದರ ಜೊತೆಗೆ ಮುಖ ನೀರಿನಲ್ಲಿದ್ದಾಗ ಗಂಟಲು ಮುಚ್ಚಿಕೊಳ್ಳುವ ಒಂದು ಗುಣ ಹಸುಗೂಸುಗಳಿಗೆ ಹುಟ್ಟಿನಿಂದಲೇ ಇರುತ್ತೆ. ಹಾಗಾಗಿ ಆರೋಗ್ಯವಾಗಿರುವ ಮಗು ಸಾಮಾನ್ಯವಾಗಿ ನೀರಿನೊಳಗೆ ಉಸಿರೆಳೆಯಲ್ಲ.

ಆರೋಗ್ಯವಾಗಿರುವ ಮಗು ಅಂದೆ, ಗಮನಿಸಿ. ಹೊಟ್ಟೆಯಲ್ಲೇ ಆಮ್ಲಜನಕ ಸಾಲದೆ ಬಳಲಿದ ಮಗು ಆ ತಡೆಯನ್ನೂ ಮೀರಿ ನೀರಿನೊಳಗೇ ಗಬಕ್ಕನೆ ಉಸಿರೆಳೆದುಬಿಡಬಹುದು. ಅದಕ್ಕೇ ಎದೆಬಡಿತ ಕೇಳುತ್ತಲೇ ಇರಬೇಕು. ಎದೆಬಡಿತ ಕೇಳಿಸೋಕೆ ಕೈಯಲ್ಲಿ ಹಿಡಿಯುವ, ನೀರಿನೊಳಗೂ ಕೆಲಸ ಮಾಡುವ ಡಾಪ್ಲರ್ ಅನ್ನೋ ಯಂತ್ರ ಇದೆ. ಬೇನೆ ಜೋರಾದ ಮೇಲೆ ಕಾಲು ಗಂಟೆಗೊಮ್ಮೆ, ಮುಕ್ಕುವ ಹೊತ್ತಿಗೆ ಐದು ನಿಮಿಷಕ್ಕೊಮ್ಮೆ. ಬಡಿತ ಸ್ವಲ್ಪ ಏರುಪೇರು ಅನಿಸಿದರೆ ತಾಯಿ ತೊಟ್ಟಿಯಿಂದ ಎದ್ದೇಳಬೇಕು, ವಾದ ಇಲ್ಲ. ಮಗು ಪೂರ್ತಿ ಹೊರಬಂದ ಮೇಲೆ ಫೋಟೋಗೆ ಅಂತ ನೀರಿನಲ್ಲಿ ಇಟ್ಟುಕೊಳ್ಳೋದಲ್ಲ, ಕೂಡಲೇ ಮೇಲೆತ್ತಬೇಕು, ಮುಖ ಒಮ್ಮೆ ಗಾಳಿ ಕಂಡರೆ ಮತ್ತೆ ಮುಳುಗಿಸಬಾರದು. ಹಾಗಂತ ಜಗ್ಗಿ ಎತ್ತಲೂಬಾರದು. ಕೆಲವು ಮಕ್ಕಳ ಬಳ್ಳಿ ಗಿಡ್ಡ ಇರುತ್ತೆ, ಗಕ್ಕನೆ ಎಳೆದರೆ ಹರಿಯುತ್ತೆ. ನೀರಿನ ಹೆರಿಗೆಯಲ್ಲಿ ಹೀಗಾಗೋದು ಗೊತ್ತಿರುವ ಅಪಾಯ. ಜೊತೆಗಿರುವವರಿಗೆ ಅದನ್ನು ತಕ್ಷಣ ಹಿಡಿದು ಕ್ಲಾಂಪ್ ಹಾಕೋಕೆ ಬರಬೇಕು.

ಯಾರಿಗೆ ಇದು ಬೇಡ ಅನ್ನೋದನ್ನೂ ಇಲ್ಲೇ ಹೇಳಿಬಿಡ್ತೀನಿ. ಬಿಪಿ ಏರಿದವರು, ಅವಳಿ, ಮಗುವಿನ ತಲೆ ಮೇಲಿದ್ದವರು, ತಿಂಗಳು ತುಂಬದವರು, ರಕ್ತ ಹೋಗ್ತಿರುವವರು, ಜ್ವರ ಇರುವವರು, ಮಗು ಹೊಟ್ಟೆಯಲ್ಲೇ ಹೇಲು ಮಾಡಿ ನೀರು ಹಸಿರಾಗಿರುವವರು, ಇವರೆಲ್ಲ ತೊಟ್ಟಿಯ ಆಸೆ ಬಿಡಿ. ಮೊದಲೊಮ್ಮೆ ಸಿಸೇರಿಯನ್ ಆದವರ ಬಗ್ಗೆ ನಿಮ್ಮ ಡಾಕ್ಟರೇ ಹೇಳಬೇಕು, ನಾನಲ್ಲ.

ಇದು ಎಲ್ಲಿಂದ ಬಂತು? ಫ್ರಾನ್ಸ್‌ನಲ್ಲಿ ಪಿತಿವಿಯೆ ಅಂತ ಒಂದು ಸಣ್ಣ ಊರು. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಮಿಶೆಲ್ ಓದಾಂ ಅಂತ ಒಬ್ಬ ಸರ್ಜನ್. ಹೆರಿಗೆ ಕೋಣೆಯನ್ನು ಮನೆಯ ಕೋಣೆಯ ಹಾಗೆ ಮಾಡಿದರು, ಬೆಳಕು ಕಡಿಮೆ, ಮಾತು ಕಡಿಮೆ. ನೋವಿಗೆ ಅಂತ ಒಂದು ಕೊಳ ಇಟ್ಟರು. ಮಗು ನೀರಿನಲ್ಲಿ ಹುಟ್ಟಲಿ ಅನ್ನೋದು ಅವರ ಗುರಿ ಆಗಿರಲಿಲ್ಲ. ಕೆಲವರಿಗೆ ಎದ್ದು ಬರೋಕೆ ಮನಸ್ಸಾಗಲಿಲ್ಲ, ಅಲ್ಲೇ ಹೆತ್ತರು. ಹಾಗೆ 100 ಹೆರಿಗೆ ಆದ ಮೇಲೆ 1983ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಅಲ್ಲಿಂದ ಸುದ್ದಿ ಹಬ್ಬಿತು.

ಅದಕ್ಕೂ ಮೊದಲು, 1974ರಲ್ಲಿ, ಫ್ರೆಡರಿಕ್ ಲೆಬೊಯೆ ಅನ್ನುವ ಇನ್ನೊಬ್ಬ ಫ್ರೆಂಚ್ ವೈದ್ಯರು ಒಂದು ಪುಸ್ತಕ ಬರೆದಿದ್ದರು. ಹುಟ್ಟಿದ ಮಗುವನ್ನು ತಲೆಕೆಳಗಾಗಿ ಹಿಡಿದು ಬೆನ್ನಿಗೆ ಬಡಿಯಬೇಡಿ, ಕಣ್ಣಿಗೆ ದೀಪ ಬಿಡಬೇಡಿ, ತಾಯಿಯ ಹೊಟ್ಟೆಯ ಮೇಲೆ ಮಲಗಿಸಿ, ಬೆಚ್ಚಗಿನ ನೀರಿನಲ್ಲಿ ಇಳಿಬಿಡಿ ಅಂತ. ತಮಾಷೆ ಏನು ಗೊತ್ತಾ, ಈ ಮನುಷ್ಯ ಭಾರತಕ್ಕೆ ಬಂದಿದ್ದರು. ಕೋಲ್ಕತ್ತಾದಲ್ಲಿ ಶಾಂತಲಾ ಅನ್ನುವ ಒಬ್ಬ ತಾಯಿ ಕಾಲು ಚಾಚಿ ಕೂತು ಮಗುವಿಗೆ ಎಣ್ಣೆ ಹಚ್ಚಿ ನೀವೋದನ್ನು ನೋಡಿ ಬೆರಗಾದರು, ಅದರ ಬಗ್ಗೆಯೇ ಇನ್ನೊಂದು ಪುಸ್ತಕ ಮಾಡಿದರು. ಬ್ರೆಜಿಲ್‌ನಲ್ಲಿ ಇವತ್ತಿಗೂ ಅದನ್ನು ಶಾಂತಲಾ ಮಸಾಜ್ ಅಂತಾರೆ, ದುಡ್ಡು ಕೊಟ್ಟು ಕಲೀತಾರೆ. ನಮ್ಮಲ್ಲಿ ಎರೆಯೋಕೆ ಬರುವ ಅಜ್ಜಿಗೆ ಒಂದು ಸೀರೆ, ಒಂದು ಪಡಿ ಅಕ್ಕಿ ಕೊಟ್ಟು ಕಳಿಸ್ತಿದ್ದೆವು. ಈಗ ಅದನ್ನೂ ಬಿಟ್ಟಿದ್ದೀವಿ.

ಸಂಶೋಧನೆ ಏನು ಹೇಳುತ್ತೆ? ಎರಡೇ ಮಾತು. ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2018ರಲ್ಲಿ 15 ಅಧ್ಯಯನಗಳನ್ನು, 3,663 ಹೆಂಗಸರ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಿತು. ಬೇನೆಯ ಹೊತ್ತಿನಲ್ಲಿ ನೀರಿನಲ್ಲಿದ್ದವರು ಎಪಿಡ್ಯೂರಲ್, ಅಂದರೆ ನೋವು ಗೊತ್ತಾಗದ ಹಾಗೆ ಬೆನ್ನಿಗೆ ಕೊಡುವ ಇಂಜೆಕ್ಷನ್, ಕೇಳೋದು ಸ್ವಲ್ಪ ಕಡಿಮೆ. ತಾಯಿಗಾಗಲಿ ಮಗುವಿಗಾಗಲಿ ಹೆಚ್ಚು ತೊಂದರೆ ಆದದ್ದು ಕಾಣಲಿಲ್ಲ. ಸ್ವಲ್ಪ ಅಂದರೆ ಸ್ವಲ್ಪವೇ, ಜಾದೂ ಏನಲ್ಲ. ಅಮೆರಿಕದ ಹೆರಿಗೆ ವೈದ್ಯರ ಸಂಘ 2016ರಲ್ಲಿ ಹೇಳಿದ್ದು ಹೀಗೆ: 37 ವಾರ ತುಂಬಿ 42 ಆಗದ, ತೊಂದರೆ ಇಲ್ಲದ ಬಸುರಿಯರಿಗೆ ಬೇನೆಯ ಹೊತ್ತಿನಲ್ಲಿ ನೀರು ಕೊಡಬಹುದು, ಆದರೆ ಮಗು ನೀರಿನೊಳಗೆ ಹುಟ್ಟೋದರ ಬಗ್ಗೆ ಪುರಾವೆ ಸಾಲದು, ಹೊರಗೇ ಹೆರಿಗೆಯಾಗಲಿ. ಅಂದರೆ ನನ್ನ ಎಮ್ಮೆ ಮಾತು ಪೂರ್ತಿ ತಪ್ಪೇನಲ್ಲ! ಇಂಗ್ಲೆಂಡಿನವರು ಇದಕ್ಕಿಂತ ಸಡಿಲ. ನನಗೆ ಅಮೆರಿಕದವರ ಮಾತೇ ಸರಿ ಕಾಣುತ್ತೆ, ಅದು ನನ್ನ ಅಭಿಪ್ರಾಯ, ನೀವು ಒಪ್ಪಬೇಕಿಲ್ಲ.

ಈಗ ನಾನು ನಿಜವಾಗಿ ಹೇಳೋಕೆ ಬಂದಿರುವ ವಿಷಯ. ನಿಮ್ಮಲ್ಲಿ ಎಷ್ಟು ಜನಕ್ಕೆ ತೊಟ್ಟಿ ಇರುವ ಆಸ್ಪತ್ರೆ ಸಿಗುತ್ತೆ? ಕೈಬೆರಳಷ್ಟೂ ಇಲ್ಲ. ಆದರೆ ತೊಟ್ಟಿ ಇಲ್ಲ ಅಂದರೆ ಮೃದುವಾದ ಹೆರಿಗೆ ಇಲ್ಲ ಅಂತಲ್ಲ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೆರಿಗೆಯ ಬಗ್ಗೆ ಶಿಫಾರಸುಗಳನ್ನು ಹೊರಡಿಸಿತು. ಅದನ್ನು ಓದುವಾಗ ನನಗೆ ನಾಚಿಕೆಯಾಯಿತು, ಯಾಕಂದರೆ ಅದರಲ್ಲಿ ಬೇಡ ಅಂದಿರೋದನ್ನೆಲ್ಲ ನಾನು ಮಾಡಿದ್ದೆ. ಹೊಟ್ಟೆಯ ಮೇಲೆ ಕೈಯಿಟ್ಟು ಒತ್ತಿ ಮಗುವನ್ನು ಕೆಳಗೆ ತಳ್ಳೋದು ಬೇಡ. ಎಲ್ಲರಿಗೂ ಕತ್ತರಿ ಹಾಕಿ ಹೊಲಿಗೆ ಹಾಕೋದು ಬೇಡ. ಗರ್ಭಕೋಶದ ಬಾಯಿ ತೆರೆಯೋದು ಗಂಟೆಗೆ ಒಂದು ಸೆಂಟಿಮೀಟರ್ ಆಗಲೇಬೇಕು ಅನ್ನೋ ಹಳೆಯ ಲೆಕ್ಕ ಹಿಡಿದು ಆತುರ ಮಾಡೋದು ಬೇಡ. ಐದು ಸೆಂಟಿಮೀಟರ್ ಆಗುವ ತನಕ ಬೇನೆ ಜೋರು ಹಿಡಿದಿದೆ ಅಂತಲೇ ಅಲ್ಲ. ಅಂಗಾತ ಮಲಗಿಸಬೇಕಿಲ್ಲ, ಓಡಾಡಲಿ, ಕೂರಲಿ, ಹೇಗೆ ಬೇಕೋ ಹಾಗಿರಲಿ.

ಜೊತೆಗೆ ತನ್ನವರು ಒಬ್ಬರು ಇರಲಿ. ಇದನ್ನು ನಮ್ಮ ಕೇಂದ್ರ ಸರ್ಕಾರವೂ 2016ರಲ್ಲೇ ಹೇಳಿದೆ, ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಹೊತ್ತಿಗೆ ಒಬ್ಬ ಹೆಣ್ಣುಮಗಳು ಜೊತೆಗಿರಬಹುದು ಅಂತ. ಗೇಟಿನಲ್ಲಿ ತಡೆದರೆ ಇದನ್ನು ಹೇಳಿ. ಜಗಳ ಮಾಡಬೇಡಿ, ನೆನಪಿಸಿ. ಭಾಷೆ ಬಾರದ ಊರಿನಲ್ಲಿ ಹೆರುವ ನಮ್ಮ ಹೆಣ್ಣುಮಕ್ಕಳಿಗೆ ಇದಕ್ಕಿಂತ ದೊಡ್ಡ ನೋವಿನ ಔಷಧ ನನಗೆ ಗೊತ್ತಿಲ್ಲ. ಕೊಂಕಣಿ ಬಲ್ಲ ಪಕ್ಕದ ಮನೆಯ ಅಕ್ಕ ಆದರೂ ಆಯಿತು.

ಹುಟ್ಟಿದ ಮೇಲೆ ಬಳ್ಳಿಯನ್ನು ಕೂಡಲೇ ಕತ್ತರಿಸಬೇಡಿ ಅಂತ ಕೇಳಿ, ಕನಿಷ್ಠ ಒಂದು ನಿಮಿಷ. ಅಷ್ಟರಲ್ಲಿ ಮಾಸಿನಲ್ಲಿರುವ ರಕ್ತ ಮಗುವಿಗೆ ಹರಿಯುತ್ತೆ, ಮುಂದೆ ಕಬ್ಬಿಣದಂಶದ ಕೊರತೆ ಕಡಿಮೆಯಾಗುತ್ತೆ. ಅತ್ತ ಮಗುವನ್ನು ಒರೆಸಿ ತಾಯಿಯ ಬರಿ ಎದೆಯ ಮೇಲೆ ಮಲಗಿಸಿ, ಮೇಲೊಂದು ಬಟ್ಟೆ ಹೊದಿಸಬೇಕು. ತೂಕ, ಸ್ನಾನ, ಫೋಟೋ ಎಲ್ಲ ಆಮೇಲೆ. ಇದಕ್ಕೆಲ್ಲ ಒಂದು ರೂಪಾಯಿ ಖರ್ಚಿಲ್ಲ.

ನೀರು ಬೇಕು ಅಂದರೆ ಬಚ್ಚಲು ಇದ್ದೇ ಇದೆ. ಶವರ್ ಕೆಳಗೆ ಸ್ಟೂಲ್ ಹಾಕಿ ಕೂತು ನಡುವಿಗೆ ಬಿಸಿನೀರು ಬಿಟ್ಟುಕೊಂಡರೆ ಸಾಕು. ಶವರ್ ಇಲ್ಲದಿದ್ದರೆ ಬಕೆಟ್ಟು, ಚೊಂಬು. ಜಾರದ ಹಾಗೆ ಒಬ್ಬರು ಬಾಗಿಲ ಬಳಿ ನಿಂತಿರಿ.

ಸೂಲಗಿತ್ತಿ ಅನ್ನೋ ಮಾತಿಗೆ ಬರ್ತೀನಿ. ಪಾವಗಡದ ನರಸಮ್ಮನವರ ಹೆಸರು ಕೇಳಿರ್ತೀರಿ, ಹೆಚ್ಚೂಕಡಿಮೆ 70 ವರ್ಷ, 15,000ದಷ್ಟು ಹೆರಿಗೆ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಅದೇ 2018ರಲ್ಲಿ ಸರ್ಕಾರ ಓದಿದ ನರ್ಸುಗಳಿಗೆ 18 ತಿಂಗಳ ಮಿಡ್‌ವೈಫ್ ತರಬೇತಿಯ ಯೋಜನೆ ತಂದಿತು. ನನಗೆ ಇದರಲ್ಲಿ ಬಹಳ ಆಸೆ ಇದೆ. ತೊಂದರೆ ಇಲ್ಲದ ಹೆರಿಗೆಯನ್ನು ಅವರು ನೋಡಿಕೊಳ್ಳಲಿ, ಪಕ್ಕದಲ್ಲೇ ಆಪರೇಷನ್ ಕೋಣೆ ಇರಲಿ. ಸಿಸೇರಿಯನ್ ಪಾಪ ಅಂತ ನಾನು ಹೇಳ್ತಿಲ್ಲ, ಎಷ್ಟೋ ಜೀವ ಅದರಿಂದ ಉಳಿದಿದ್ದನ್ನು ಕಣ್ಣಾರೆ ಕಂಡಿದ್ದೀನಿ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ನೂರಕ್ಕೆ 47 ಹೆರಿಗೆ ಸಿಸೇರಿಯನ್, ಸರ್ಕಾರಿಯಲ್ಲಿ 14. ಅದೇ ದೇಶ, ಅದೇ ಹೆಂಗಸರು. ನಮ್ಮ ಗೋವಾದ್ದು ಒಟ್ಟಾರೆ 39ರ ಮೇಲೆ.

ಇನ್ನೊಂದು ಕಡೆಯ ಹುಚ್ಚೂ ಇದೆ. 2018ರಲ್ಲಿ ತಿರುಪ್ಪೂರಿನಲ್ಲಿ ಯೂಟ್ಯೂಬ್ ನೋಡಿಕೊಂಡು ಮನೆಯಲ್ಲೇ ಹೆರಿಗೆ ಮಾಡಿಸೋಕೆ ಹೋಗಿ ಒಬ್ಬ ಟೀಚರ್ ರಕ್ತ ಹೋಗಿ ಸತ್ತಳು. ಮಗು ಹುಟ್ಟಿದ ಮೇಲೆ ಹೋಗುವ ರಕ್ತ ನಿಮಿಷಗಳಲ್ಲಿ ಜೀವ ತೆಗೆಯುತ್ತೆ. ನೀರಿನಲ್ಲಂತೂ ಎಷ್ಟು ಹೋಯಿತು ಅಂತ ಅಂದಾಜೇ ಸಿಗಲ್ಲ, ಎಲ್ಲ ಕೆಂಪು. ಮಾಸು ಬೀಳುವ ಹೊತ್ತಿಗೆ ತಾಯಿಯನ್ನು ಹೊರಗೆ ತರೋದು ಅದಕ್ಕೇ ಒಳ್ಳೆಯದು. ಇನ್ನು ನೀರಿನ ಮಾತು. 2014ರಲ್ಲಿ ಇಂಗ್ಲೆಂಡಿನಲ್ಲಿ ಮನೆಯಲ್ಲಿ ಮುಂಚೆಯೇ ತುಂಬಿಸಿ ಬಿಸಿಯಾಗಿಟ್ಟಿದ್ದ ಕೊಳದಿಂದ ಒಂದು ಮಗುವಿಗೆ ಲೀಜನೆಲ್ಲಾ ಅನ್ನುವ ಕೆಟ್ಟ ಶ್ವಾಸಕೋಶದ ಸೋಂಕು ತಗುಲಿತು. ಅದು ಇಂಗ್ಲೆಂಡಿನ ನಲ್ಲಿ ನೀರು. ಏಪ್ರಿಲ್, ಮೇ ತಿಂಗಳಲ್ಲಿ ನಮಗೆ ಬರುವ ಟ್ಯಾಂಕರ್ ನೀರನ್ನು, ಮಾಳಿಗೆ ಮೇಲಿನ ಸಿಂಟೆಕ್ಸ್ ತೊಳೆದು ಎಷ್ಟು ದಿನವಾಯಿತು ಅನ್ನೋದನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಮನೆಯಲ್ಲಿ ಮಕ್ಕಳ ಗಾಳಿಕೊಳ ತಂದು ಹೆರ್ತೀನಿ ಅನ್ನುವವರಿಗೆ ನನ್ನ ಉತ್ತರ ಈಗಲೂ ಎಮ್ಮೆಯೇ.

ತವರಿಗೆ ಹೋಗುವವರು ಒಂಬತ್ತು ತುಂಬುವ ತನಕ ಕಾಯಬೇಡಿ. ಕ್ಯಾಸಲ್‌ರಾಕ್ ಘಾಟಿಯಲ್ಲಿ ರೈಲು ನಿಂತರೆ ಅಲ್ಲಿ ಯಾವ ಆಸ್ಪತ್ರೆಯೂ ಇಲ್ಲ.

ಮಗಳ ಕಥೆ ಏನಾಯಿತು ಅಂತ ಕೇಳ್ತೀರಿ. ಅವಳು ಪುಣೆಯಲ್ಲಿ ಮೂರು ಆಸ್ಪತ್ರೆ ಸುತ್ತಿದಳು. ನಾನೂ ಒಂದಕ್ಕೆ ಹೋಗಿದ್ದೆ. ರಾತ್ರಿ ಎರಡು ಗಂಟೆಗೆ ಬೇನೆ ಬಂದರೆ ಯಾರು ಇರ್ತಾರೆ, ಮಗುವಿನ ಡಾಕ್ಟರ್ ಎಷ್ಟು ದೂರ, ಎಷ್ಟು ಜನ ತೊಟ್ಟಿಗೆ ಇಳಿದು ಅರ್ಧಕ್ಕೆ ಎದ್ದು ಬಂದರು ಅಂತ ಕೇಳಿದೆ. ಕೊನೆಯ ಪ್ರಶ್ನೆಗೆ ನಗುತ್ತಾ ಉತ್ತರ ಕೊಟ್ಟ ಕಡೆಯೇ ಹೆಸರು ಬರೆಸಿದೆವು. ಯಾರೂ ಎದ್ದು ಬಂದಿಲ್ಲ, ಎಲ್ಲ ಚೆನ್ನಾಗಿ ಆಗಿದೆ ಅಂದ ಜಾಗವನ್ನು ನಾನು ನಂಬಲಿಲ್ಲ.

ಬೇನೆ ಬಂದ ದಿನ ಮಧ್ಯಾಹ್ನ ಅವಳು ನೀರಿಗೆ ಇಳಿದಳು. ನಾನು ತೊಟ್ಟಿಯ ಪಕ್ಕ ಕೂತೆ. ಅಭ್ಯಾಸಬಲ, "ಉಸಿರು ಬಿಡು, ಮುಕ್ಕಬ್ಯಾಡ, ಕಾಲು ಅಗಲ ಮಾಡು" ಅಂತ ಶುರು ಮಾಡಿದೆ. ಅವಳು ಕಣ್ಣು ಮುಚ್ಚಿಕೊಂಡೇ, "ಅವ್ವಾ, ನೀ ಸುಮ್ಮ ಕುಂದ್ರು" ಅಂದಳು. ಸುಮ್ಮನೆ ಕೂತೆ, ಮೂರು ಗಂಟೆ. ನನ್ನ ಸರ್ವಿಸ್‌ನಲ್ಲೇ ಅಷ್ಟು ಹೊತ್ತು ನಾನು ಹೆರಿಗೆ ಕೋಣೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿರಲಿಲ್ಲ. ಕೇಳಿಸ್ತಿದ್ದದ್ದು ನೀರಿನ ಸದ್ದು, ಅವಳ ನರಳಾಟ, ಆಗಾಗ ಡಾಪ್ಲರಿನ ಟಕಟಕ. ನಡುವೆ ಒಮ್ಮೆ ಮಿಡ್‌ವೈಫ್ ನನ್ನ ಕೈಗೆ ಒಂದು ಮಗ್ ಕೊಟ್ಟಳು, ಬೆನ್ನಿಗೆ ನೀರು ಹಾಕಿ ಅಂತ. ಹಾಕುತ್ತಾ ಹಾಕುತ್ತಾ ನನಗೆ ಆ ರೋಣದ ಹುಡುಗಿ ನೆನಪಾದಳು.

ಐದೂವರೆ ಹೊತ್ತಿಗೆ ಮಗಳು ತಾನಾಗಿಯೇ, "ಎಬ್ಬಿಸ್ರಿ, ನನಗೆ ನೆಲ ಬೇಕು" ಅಂದಳು. ಎದ್ದು ಬಂದು, ಕೆಳಗೆ ಹಾಸಿದ್ದ ಹಾಸಿಗೆಯ ಮೇಲೆ ಮಂಡಿಯೂರಿ ಹೆತ್ತಳು. ಹೆಣ್ಣುಮಗು. ಮಗುವನ್ನು ಎದೆಗೆ ಹಾಕಿಕೊಂಡು ನನ್ನ ಕಡೆ ತಿರುಗಿ ಮೊದಲು ಹೇಳಿದ ಮಾತು, "ಕಡೀಗೂ ನಿನ್ನ ಎಮ್ಮೀನ ಗೆದ್ದಿತು ನೋಡವ್ವಾ."

ಈಗ ನಿಮ್ಮ ಪ್ರಶ್ನೆ ಕೇಳಿ. ಹಿಂದಿನ ಸಾಲಿನಲ್ಲಿ ಮೊಬೈಲ್ ನೋಡುತ್ತಾ ಕೂತಿರುವ ಗಂಡಂದಿರು ಮೊದಲು.